ಹೊಸ ಸೀಲ್ ಹಾಕಿದರೂ ಜೀಪಿನ ಹಿಂದಿನ ಹೌಸಿಂಗ್ ಏಕೆ ಸೋರುತ್ತದೆ?

ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆಯ ಪಸೆ ಕಂಡರೆ ವಿಜಯಪುರ ಜಿಲ್ಲೆಯ ಯಾವ ಮಿಸ್ತ್ರಿಯಾದರೂ ಮೊದಲು ಹೇಳುವ ಮಾತು ‘ಸೀಲ್ ಹೋಗ್ಯಾದ’. ಹೊಸ ಸೀಲ್ ಬೀಳುತ್ತದೆ, ಕೆಲವು ದಿನ ಎಲ್ಲ ಒಣಗಿರುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಚಕ್ರ ಮತ್ತೆ ಒದ್ದೆಯಾಗುತ್ತದೆ. ಒಂದು ಸಲ ಸೋರಿದ್ದರೆ ಸೀಲ್ ಸವೆದಿದೆ ಎನ್ನಲು ಅಡ್ಡಿಯಿಲ್ಲ. ಅದೇ ಜಾಗ ಪದೇ ಪದೇ ಸೋರುತ್ತಿದ್ದರೆ ಸೀಲನ್ನು ಕೆಡಿಸುತ್ತಿರುವುದು ಬೇರೇನೋ ಇದೆ ಎಂದೇ ಅರ್ಥ. ಆ ಕಾರಣವನ್ನು ಹುಡುಕದೆ ಸೀಲ್ ಮಾತ್ರ ಬದಲಿಸುತ್ತ ಹೋಗುವುದು ದುಡ್ಡಿಗೂ ದಂಡ, ಬ್ರೇಕಿಗೂ ಅಪಾಯ.

ಸೀಲ್ ಕೆಲಸ ಮಾಡುವ ರೀತಿ ತಿಳಿದರೆ ಅರ್ಧ ರೋಗ ತಾನೇ ಗೊತ್ತಾಗುತ್ತದೆ. ಮೊದಮೊದಲು ಶಾಫ್ಟ್ ಸೀಲುಗಳನ್ನು ಚರ್ಮದಿಂದ ಮಾಡುತ್ತಿದ್ದರು. ಇಂದು ಬಳಕೆಯಲ್ಲಿರುವುದು ಲೋಹದ ಉಂಗುರಕ್ಕೆ ಅಂಟಿದ ರಬ್ಬರ್ ತುಟಿ, ಅದನ್ನು ಶಾಫ್ಟಿಗೆ ಒತ್ತಿ ಹಿಡಿಯಲು ಸಣ್ಣ ಸುರುಳಿ ಸ್ಪ್ರಿಂಗ್. ತುಟಿ ಶಾಫ್ಟನ್ನು ಬಿಗಿಯಾಗಿ ಅಪ್ಪಿ ಎಣ್ಣೆ ತಡೆಯುತ್ತದೆ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಶಾಫ್ಟ್ ತಿರುಗುವಾಗ ಎರಡರ ನಡುವೆ ಸುಮಾರು ಒಂದು ಮೈಕ್ರಾನ್ ದಪ್ಪದ ಎಣ್ಣೆಯ ಪದರ ಇದ್ದೇ ಇರುತ್ತದೆ. ತುಟಿಯ ಎಣ್ಣೆ ಕಡೆಯ ಇಳಿಜಾರು ಕಡಿದು, ಹೊರಗಿನ ಇಳಿಜಾರು ಹರವು. ಈ ಆಕಾರದಿಂದಾಗಿ, ಹೊರಬರಲು ನೋಡುವ ಎಣ್ಣೆಯನ್ನು ತುಟಿ ಕ್ಷಣಕ್ಷಣವೂ ಒಳಕ್ಕೆ ಪಂಪ್ ಮಾಡುತ್ತಿರುತ್ತದೆ. ಸೀಲನ್ನು ತಿರುವುಮುರುವು ಕೂರಿಸಿದರೆ ಎಣ್ಣೆ ಧಾರಾಳವಾಗಿ ಹೊರಬೀಳುವುದು ಇದರಿಂದಲೇ.

ಈ ಪಂಪನ್ನು ಸೋಲಿಸುವ ಕಾರಣಗಳಲ್ಲಿ ಎರೆಭೂಮಿಯ ಜೀಪುಗಳಲ್ಲಿ ಮೊದಲು ನೋಡಬೇಕಾದದ್ದು ಒಳಗಿನ ಒತ್ತಡ. ಹಿಂದಿನ ಗೇರುಗಳನ್ನೂ ಚಕ್ರದ ಶಾಫ್ಟುಗಳನ್ನೂ ಮುಚ್ಚಿರುವ ಹೌಸಿಂಗ್ ಒಳಗೆ ಎಣ್ಣೆಯ ಮೇಲೆ ಗಾಳಿ ಇರುತ್ತದೆ. ಬೆಳಿಗ್ಗೆ 30 ಡಿಗ್ರಿ ಇದ್ದದ್ದು ಭಾರ ಹೊತ್ತು ಓಡಿದ ಮೇಲೆ 90 ಡಿಗ್ರಿಗೆ ಏರಿತೆನ್ನಿ. ಕೆಲ್ವಿನ್ ಲೆಕ್ಕದಲ್ಲಿ ಇದು 303ರಿಂದ 363, ಅಂದರೆ ಗಾಳಿಯ ಒತ್ತಡ ಶೇಕಡ 20ರಷ್ಟು, ಸುಮಾರು 0.2 ಬಾರ್, ಹೆಚ್ಚುತ್ತದೆ. ಎಣ್ಣೆಯೂ ಹಿಗ್ಗಿ ಗಾಳಿಯ ಜಾಗವನ್ನು ಕಿರಿದು ಮಾಡುತ್ತದೆ. ಸಾಮಾನ್ಯ ಸೀಲ್ ಇಷ್ಟು ಒತ್ತಡದಲ್ಲಿ ಬಹಳ ದಿನ ಬಾಳುವುದಿಲ್ಲ. ತುಟಿ ಶಾಫ್ಟಿಗೆ ಜೋರಾಗಿ ಒತ್ತಿ ಕಾದು ಗಡುಸಾಗುತ್ತದೆ. ಈ ಗಾಳಿಯನ್ನು ಹೊರಬಿಡಲೆಂದೇ ಹೌಸಿಂಗ್ ಮೇಲೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಬ್ರೀದರ್ ಇದೆ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕಲ್ಲಿನಂತಾಗುತ್ತದೆ. ಕೆಸರಿನ ಹೊಲದ ದಾರಿಯಲ್ಲಿ ಎರಚಿದ ಮಣ್ಣು ಬ್ರೀದರ್ ಮೇಲೆ ಕುಳಿತು ಬಿಸಿಗೆ ಬೆಂದರೆ ಅದರ ಬಾಯಿ ಪೂರ್ತಿ ಮುಚ್ಚಿಹೋಗುತ್ತದೆ. ಇನ್ನು ಬಿಸಿ ಹೌಸಿಂಗ್ ಹೊತ್ತೇ ಜೀಪನ್ನು ಹಳ್ಳಕ್ಕೆ ಇಳಿಸಿದರೆ ಆಗುವುದು ತದ್ವಿರುದ್ಧ. ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸೀಲಿನ ತುಟಿಯ ಅಡಿಯಿಂದ ಕೆಸರುನೀರು ಒಳಕ್ಕೆ ಎಳೆಯಲ್ಪಡುತ್ತದೆ. ಡ್ರೇನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಈ ತನಿಖೆ ಅಲ್ಲಿಗೆ ಮುಗಿದಂತೆಯೇ.

ಬ್ರೀದರ್ ಸರಿಯಿದ್ದೂ ಒಂದೇ ಚಕ್ರ ಸೋರಿದರೆ ಶಾಫ್ಟ್ ಕಡೆ ಗಮನ ಕೊಡಬೇಕು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಭಾರವನ್ನೆಲ್ಲ ಹೌಸಿಂಗ್ ಹೊರುತ್ತಿತ್ತು, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಮುಂದೆ ಬಂದ, ಮಹೀಂದ್ರ ಕಂಪನಿಯೂ ಭಾರತದಲ್ಲಿ ತಯಾರಿಸಿದ ಸಿಜೆ-3ಬಿ ಮಾದರಿಯ ವಿನ್ಯಾಸದಲ್ಲಿ ಶಾಫ್ಟೇ ಚಕ್ರದ ಭಾರವನ್ನೂ ಹೊರಬೇಕು. ಬೇರಿಂಗ್ ಸವೆದರೆ ಶಾಫ್ಟ್ ಅಲುಗುತ್ತದೆ. ತುಟಿ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಜನರನ್ನೂ ಮೂಟೆಗಳನ್ನೂ ಮಿತಿಮೀರಿ ಹೇರಿ ಹೌಸಿಂಗ್ ಕೊಂಚ ಬಾಗಿದ್ದರೂ ಫಲ ಇದೇ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರಿಗೆ ತಾಗುವಂಥ ಗೀರು ಬಿದ್ದಿದ್ದರೆ ಅಲ್ಲಿ ಯಾವ ಹೊಸ ಸೀಲೂ ನಿಲ್ಲದು. ತೆಳು ಸ್ಟೀಲ್ ಸ್ಲೀವ್ ಹಾಕಬೇಕು ಅಥವಾ ಶಾಫ್ಟ್ ಬದಲಿಸಬೇಕು. ಗೀರನ್ನು ಅಳಿಸಲೆಂದು ಲೇಥಿನಲ್ಲಿ ಪಾಲಿಶ್ ಪೇಪರನ್ನು ಅಡ್ಡಡ್ಡ ಸರಿಸುತ್ತ ಉಜ್ಜುವುದುಂಟು. ಆಗ ಶಾಫ್ಟ್ ಮೇಲೆ ಕಣ್ಣಿಗೆ ಕಾಣದ, ತಿರುಪಿನ ಸುತ್ತಿನಂಥ ಗೆರೆಗಳು ಮೂಡುತ್ತವೆ. ಅವು ತಿರುಗುವ ದಿಕ್ಕಿಗೆ ಸರಿಹೊಂದಿದರೆ ಎಣ್ಣೆಯನ್ನು ತಾವೇ ಹೊರಕ್ಕೆ ಸಾಗಿಸುತ್ತವೆ.

ಎಣ್ಣೆ ಕಂಡ ಜಾಗವೇ ಸೋರಿದ ಜಾಗ ಎಂದು ನಂಬುವಂತಿಲ್ಲ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳಿ, ಪ್ರೊಪೆಲರ್ ಶಾಫ್ಟ್ ಬಂದು ಸೇರುವ ಮುಂಬದಿಯ ಪಿನಿಯನ್ ಸೀಲಿನ ಎಣ್ಣೆಯನ್ನು ಹೌಸಿಂಗ್ ತುಂಬ ಹರಡುತ್ತದೆ. ಪಿನಿಯನ್ ನಟ್ ಸಂದಿನಿಂದಲೂ ಎಣ್ಣೆ ಜಿನುಗುವುದುಂಟು, ಅಂಥ ಕಡೆ ಸೀಲ್ ಬದಲಿಸಿ ಫಲವಿಲ್ಲ. ಹೌಸಿಂಗನ್ನು ಪೂರ್ತಿ ತೊಳೆದು ಒಣಗಿಸಿ, ಬಿಳಿ ಪೌಡರ್ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡಿದರೆ ಮೊದಲ ಗೆರೆ ಎಲ್ಲಿಂದ ಹೊರಟಿತೆಂಬುದು ಕಾಣುತ್ತದೆ. ಚಕ್ರದ ಬಳಿಯ ದ್ರವ ಬ್ರೇಕ್ ಆಯಿಲ್ ಕೂಡ ಆಗಿರಬಹುದು. ಒಂದು ಹನಿಯನ್ನು ನೀರಿಗೆ ಹಾಕಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ. ಗಂಧಕದ ಘಾಟಿನ ಗೇರ್ ಆಯಿಲ್ ತೇಲುತ್ತದೆ.

ಪೇಟೆಯ ಸೀಲುಗಳೇ ಕಳಪೆ ಎನ್ನುವವರಿದ್ದಾರೆ. ಕಳಪೆ ಮಾಲು ಇರುವುದು ನಿಜ. ಆದರೆ ದೋಷ ಅದೊಂದರದೇ ಆಗಿದ್ದರೆ ಒಂದೇ ಅಂಗಡಿಯ ಸೀಲ್ ಎಡ ಚಕ್ರದಲ್ಲಿ ಕೆಟ್ಟು, ಬಲದಲ್ಲಿ ವರ್ಷಗಟ್ಟಲೆ ಬಾಳುವುದು ಹೇಗೆ? 90 ನಂಬರಿನ ಬದಲು 140ರ ದಪ್ಪ ಎಣ್ಣೆ ಹಾಕಿದರೆ ಸೋರಿಕೆ ನಿಧಾನವಾಗಬಹುದು, ಒತ್ತಡವೂ ಬೇರಿಂಗಿನ ಪ್ಲೇಯೂ ಇದ್ದಹಾಗೇ ಇರುತ್ತವೆ, ದಪ್ಪ ಎಣ್ಣೆಯನ್ನು ಕಡೆಯುವ ಗೇರುಗಳು ಇನ್ನಷ್ಟು ಕಾಯುತ್ತವೆ. ಹಳೇ ಗಾಡಿ ಸೋರುವುದು ಸಹಜ, ಎಣ್ಣೆ ತುಂಬಿಸುತ್ತಿದ್ದರಾಯಿತು ಎಂಬ ವಾದವನ್ನಂತೂ ಒಪ್ಪಲಾಗದು. ಎಣ್ಣೆ ಬ್ರೇಕ್ ಲೈನರಿಗೆ ಇಳಿದರೆ ಆ ಚಕ್ರ ಸರಿಯಾಗಿ ಹಿಡಿಯುವುದಿಲ್ಲ. ತುಂಬಿದ ಜೀಪು ಬ್ರೇಕ್ ಒತ್ತಿದ ಕೂಡಲೇ ಒಂದು ಕಡೆಗೆ ಎಳೆಯುತ್ತದೆ. ಅತಿಯಾಗಿ ತುಂಬಿಸಿದರೂ ಗಾಳಿಯ ಜಾಗ ಕುಗ್ಗಿ ಒತ್ತಡ ಏರುತ್ತದೆ. ಸಮನೆಲದಲ್ಲಿ ಫಿಲ್ಲರ್ ತೂತಿನ ಅಂಚಿನವರೆಗೆ ಎಣ್ಣೆ ಇದ್ದರೆ ಸಾಕು.

ಆದ್ದರಿಂದ ಮುಂದಿನ ಸೀಲ್ ಕೊಳ್ಳುವ ಮೊದಲು ಬ್ರೀದರ್ ಬಿಚ್ಚಿ, ಅದರ ಒಳಬದಿಯಿಂದ ಊದಿ ನೋಡಿ. ಗಾಳಿ ಸಲೀಸಾಗಿ ಹೊರಹೋಗದಿದ್ದರೆ ಅದನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಸಿ ತೊಳೆಯಿರಿ. ಸಾಧ್ಯವಿದ್ದರೆ ಆ ಜಾಗಕ್ಕೆ ರಬ್ಬರ್ ಪೈಪ್ ಜೋಡಿಸಿ, ಅದರ ತುದಿಯನ್ನು ಕೆಸರು ತಲುಪದಷ್ಟು ಎತ್ತರಕ್ಕೆ ಚಾಸಿಗೆ ಕಟ್ಟಿ.