ಐವರು ಹೋದರೆ ಐವರೂ ಬರಬೇಕು!

ಮೈಸೂರು ಅರಮನೆಗೆ ದಸರಾ ದೀಪ ಹತ್ತಿತೆಂದರೆ ಹಾಸ್ಟೆಲಿನ ಹುಡುಗರಿಗೆ ರೂಮಿನಲ್ಲಿ ಕಾಲು ನಿಲ್ಲುವುದಿಲ್ಲ. ಸರಸ್ವತಿಪುರಂ, ಗಂಗೋತ್ರಿ, ಕುವೆಂಪುನಗರ ಎಲ್ಲ ಕಡೆಯಿಂದ ಗುಂಪು ಗುಂಪಾಗಿ ಹೊರಡುತ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳ ಬೆಳಕು ನೋಡಿ, ವಸ್ತುಪ್ರದರ್ಶನ ಸುತ್ತಿ, ಹಪ್ಪಳ, ಬಜ್ಜಿ ತಿನ್ನದಿದ್ದರೆ ಅದೆಂಥ ದಸರಾ? ಹೋಗಬೇಡಿ ಎನ್ನುವವರಾರು? ಊರಿನ ವ್ಯಾಪಾರ ಕಳೆಗಟ್ಟುವುದೂ ಇವರಿಂದಲೇ.

ತಾಪತ್ರಯ ಇರುವುದು ಹೋಗುವುದರಲ್ಲಲ್ಲ, ವಾಪಸು ಬರುವುದರಲ್ಲಿ.

ಹಿಂದೆ ಯುವ ದಸರಾ ಮಹಾರಾಜ ಕಾಲೇಜು ಮೈದಾನದಲ್ಲೇ ಆಗುತ್ತಿತ್ತು. ಹಾಡು ಮುಗಿದರೆ ಎಷ್ಟೋ ಮಂದಿ ನಡೆದೇ ಹಾಸ್ಟೆಲು ಸೇರುತ್ತಿದ್ದರು. 2024ರಲ್ಲಿ ಅದು ಊರಾಚೆಯ ಉತ್ತನಹಳ್ಳಿಗೆ ಹೋಯಿತು, 2025ರಲ್ಲೂ ಅಲ್ಲೇ ನಡೆಯಿತು. ಅಲ್ಲಿಂದ ಅರ್ಧರಾತ್ರಿಯಲ್ಲಿ ನಡೆದು ಬರುವುದು ಆಗದ ಮಾತು. ಸಾವಿರಾರು ಜನ ಒಟ್ಟಿಗೇ ಎದ್ದರೆ ಬಸ್ಸಿಗೆ ನೂಕುನುಗ್ಗಲು, ಆಟೋದವರು ಹೇಳಿದ್ದೇ ರೇಟು. ಆಗ ಹುಟ್ಟುವುದೇ ಈ ಮಾತು: "ಬಾರೋ, ಮೂರು ಜನ ಒಂದೇ ಗಾಡೀಲಿ ಹೋಗೋಣ. ಈ ಹೊತ್ನಲ್ಲಿ ಯಾವ ಪೊಲೀಸು ಹಿಡೀತಾನೆ?"

ಪೊಲೀಸು ಬಿಟ್ಟಾನು, ರಿಂಗ್ ರಸ್ತೆಯ ಲಾರಿ ಬಿಟ್ಟೀತೇ?

"ಸ್ವಲ್ಪಾನೇ ಕುಡ್ದಿದ್ದು"

ಇದು ಇನ್ನೊಂದು ಹಾಡು. ಕಾನೂನಿಗೆ ಸ್ವಲ್ಪ, ಜಾಸ್ತಿ ಎಂಬ ಲೆಕ್ಕವೆಲ್ಲ ಯಂತ್ರದ್ದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಊರಲ್ಲಿ ರಾಗಿ ಮಾರಿ ಫೀಸು ಕಟ್ಟುವ ಅಪ್ಪನಿಗೆ ಇದನ್ನು ಹೇಳುವ ಬಾಯಿ ಯಾವುದು?

ಅಮಲೇರಿದವನಿಗೆ ಮಜ್ಜಿಗೆ ಕುಡಿಸಿ, ನಿಂಬೆಹಣ್ಣು ಹಿಂಡಿ, ತಲೆಗೆ ತಣ್ಣೀರು ಸುರಿದರೆ ಸರಿಹೋಗುತ್ತಾನೆಂಬುದು ಬರೀ ನಂಬಿಕೆ. ಹೊತ್ತು ಕಳೆದರೇ ಅಮಲು ಇಳಿಯುವುದು. ಎಬ್ಬಿಸಿದರೂ ಏಳದವನನ್ನು "ಮಲ್ಕೊಳ್ಳಲಿ ಬಿಡ್ರೋ" ಎಂದು ಅಂಗಾತ ಬಿಟ್ಟು ಬಂದರೆ, ವಾಂತಿ ಶ್ವಾಸನಾಳಕ್ಕೆ ಇಳಿದು ಜೀವವೇ ಹೋಗಬಹುದು. ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರು ಪಕ್ಕದಲ್ಲೇ ಕೂತು, 108ಕ್ಕೆ ಫೋನು ಮಾಡಬೇಕು. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟಿಗೆ ಅಲೆಯಬೇಕೆಂಬ ಭಯವೂ ಬೇಡ. ನೆರವಾದವರು ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ.

ತಪ್ಪು ಯಾರದು?

ರಾತ್ರಿ ಎಂದೊಡನೆ ಹೆಣ್ಣುಮಕ್ಕಳಿಗೇ ಬುದ್ಧಿ ಹೇಳುವುದು ನಮ್ಮ ಜನರ ಹಳೇ ಚಾಳಿ. 2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಸಿನಿಮಾ ನೋಡಿ ಹಿಂದಿರುಗುತ್ತಿದ್ದ ವಿದ್ಯಾರ್ಥಿನಿ ಒಬ್ಬಳೇ ಇರಲಿಲ್ಲ, ಗೆಳೆಯ ಜೊತೆಗಿದ್ದ. ಹತ್ತಿದ್ದು ಬಸ್ಸನ್ನೇ. ಅದು ಹಾಗೆ ಜನರನ್ನು ಹತ್ತಿಸಿಕೊಳ್ಳಬಾರದಿದ್ದ ಖಾಸಗಿ ಬಸ್ಸು. ಆಕೆ ಮಾಡಿದ ತಪ್ಪಾದರೂ ಏನು? ನಂಬುವಂಥ ಬಸ್ಸು ಹೊತ್ತಿಗೆ ಸರಿಯಾಗಿ ಸಿಗುವಂತೆ ಮಾಡುವುದು ಊರಿನ ಹೊಣೆ.

ಹುಡುಗ ಹುಡುಗಿಯರೂ ನಾಲ್ಕು ಮಾತು ನೆನಪಿಡಲಿ. ಹೊರಡುವ ಮುಂಚೆಯೇ ವಾಪಸಿನ ದಾರಿ ಗೊತ್ತುಮಾಡಿಕೊಳ್ಳಬೇಕು. ಬಸ್ಸಿನ ದುಡ್ಡನ್ನು ಬೇರೆ ಜೇಬಿನಲ್ಲಿಡಬೇಕು. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಮೊದಲೇ ಹೇಳಿಕೊಂಡಿರಬೇಕು. 112ಕ್ಕೆ ಬೀಗ ಹಾಕಿದ ಮೊಬೈಲಿನಿಂದಲೂ ಕರೆ ಮಾಡಬಹುದು ಎಂಬುದು ತಿಳಿದಿರಬೇಕು.

ಅಂಗಡಿಯವರದೂ ಒಂದು ಪಾಲಿದೆ. ಬಾಗಿಲು ಹಾಕುವ ಹೊತ್ತಿಗೆ ಹುಡುಗಿಯೊಬ್ಬಳು ಬಂದು, "ಅಣ್ಣಾ, ಫೋನು ಸತ್ತೋಗಿದೆ" ಎಂದರೆ ಐದು ನಿಮಿಷ ಚಾರ್ಜಿಗೆ ಹಾಕಿಕೊಡಿ. ಬಸ್ಸು ಬರುವ ತನಕ ಹೊರಗಿನ ದೀಪ ಉರಿಯಲಿ. ಕರೆಂಟು ಬಿಲ್ಲು ಅಷ್ಟಕ್ಕೆ ಏರುವುದಿಲ್ಲ.

ಕೊನೆಯ ಮಾತು ಹಾಸ್ಟೆಲಿನವರಿಗೆ. ತಡವಾಗಿ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸುವುದು ಶಿಸ್ತಲ್ಲ, ಅಪಾಯಕ್ಕೆ ತಾವೇ ದೂಡಿದಂತೆ. ಬಯ್ಯುವುದಿದ್ದರೆ ಬೆಳಿಗ್ಗೆ ಬಯ್ಯಿರಿ. ರಾತ್ರಿ ಮಾತ್ರ ಗೇಟು ತೆಗೆಯಿರಿ, ಸ್ವಾಮಿ!