ಚೆಂಡು ಅನ್ನ ಹಾಕ್ತದಾ? ತೃಕ್ಕರಿಪುರದ ರಫಿಯ ಬದುಕು ನೋಡಿ

ಮಳೆಗಾಲ ಮುಗಿದು ಮೈದಾನ ಒಣಗಿತೆಂದರೆ ಸಾಕು, ಸಕಲೇಶಪುರ, ಹಾನುಬಾಳು, ಬಾಳ್ಳುಪೇಟೆ, ಆಲೂರು ಕಡೆಯ ನಮ್ಮ ಹುಡುಗರು ಅಸರ್ ನಮಾಝ್ ಮುಗಿಸಿ ಫುಟ್ಬಾಲ್ ಹಿಡಿದು ಹೊರಡುತ್ತಾರೆ. ಮಗ್ರಿಬ್ ಬಾಂಗ್ ಆಗುವವರೆಗೂ ಆಟ. ಮನೆಗೆ ಬಂದರೆ ಉಪ್ಪನ ಪ್ರಶ್ನೆ ಒಂದೇ: "ಮೋನೆ, ಈ ಚೆಂಡು ನಿನಗೆ ಅನ್ನ ಹಾಕ್ತದಾ?"

ಪ್ರಶ್ನೆ ಸರಿಯಾದದ್ದೇ. ಉತ್ತರ ಬೇಕಿದ್ದರೆ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಫಿಯ ವೃತ್ತಿಜೀವನವನ್ನು ನೋಡಬೇಕು. 1982ರಲ್ಲಿ ಹುಟ್ಟಿದ ರಫಿ ಭಾರತ ತಂಡಕ್ಕೂ ಆಡಿದ ಸ್ಟ್ರೈಕರ್. ಆದರೆ ಒಂದೇ ತಂಡದಲ್ಲಿ ನೆಲೆಯೂರಿದವರಲ್ಲ. ಕೇರಳದ ಎಸ್‌ಬಿಟಿ ಬ್ಯಾಂಕಿನ ತಂಡದಿಂದ ಮುಂಬೈಯ ಮಹೀಂದ್ರ ಯುನೈಟೆಡ್, ಅಲ್ಲಿಂದ ಗೋವಾದ ಚರ್ಚಿಲ್ ಬ್ರದರ್ಸ್, ಮುಂದೆ ಕೋಲ್ಕತಾ, ಕೊಚ್ಚಿ, ಚೆನ್ನೈ. ಬ್ಯಾರಿಗಳಾದ ನಮಗೆ ಇದು ಹೊಸದಲ್ಲ. ನಮ್ಮ ಹಿರಿಯರೂ ಬ್ಯಾರಕ್ಕಾಗಿ ಘಾಟಿ ಹತ್ತಿ ಊರೂರು ತಿರುಗಿದವರೇ.

2009–10ರ ಐ-ಲೀಗ್‌ನಲ್ಲಿ ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು ಗೋಲು ಹೊಡೆದದ್ದು ರಫಿ. ಅದೇ 2010ರಲ್ಲಿ ಮಹೀಂದ್ರ ಕಂಪೆನಿ ತನ್ನ ತಂಡವನ್ನೇ ಮುಚ್ಚಿತು. ಎಷ್ಟು ಚೆನ್ನಾಗಿ ಆಡಿದರೂ ಕಾಲಡಿಯ ನೆಲ ಹೀಗೆ ಜಾರಬಹುದು.

2014ರಲ್ಲಿ ಮೊದಲ ಐಎಸ್‌ಎಲ್ ಕಪ್ ಗೆದ್ದ ಅಟ್ಲೆಟಿಕೊ ಡಿ ಕೋಲ್ಕತಾ ತಂಡದಲ್ಲಿ ರಫಿ ಇದ್ದರು. ಆ ಫೈನಲಿನ ಗೋಲು ಬಂಗಾಳದ ಮುಹಮ್ಮದ್ ರಫೀಕ್ ಅವರದ್ದು, ಹೆಸರು ಕೇಳಿ ಗೊಂದಲ ಬೇಡ. ಎರಡು ವರ್ಷದ ನಂತರ, 2016ರ ಡಿಸೆಂಬರ್ 18ರಂದು ಕೊಚ್ಚಿಯ ಫೈನಲಿನಲ್ಲಿ ರಫಿ ಕೇರಳ ಬ್ಲಾಸ್ಟರ್ಸ್ ಪರ, ಅದೇ ಕೋಲ್ಕತಾದ ಎದುರು. 37ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದರು. ಪಂದ್ಯ 1–1ರಲ್ಲಿ ನಿಂತಿತು, ಪೆನಾಲ್ಟಿಯಲ್ಲಿ ಕಪ್ ಕೈತಪ್ಪಿತು. 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಚೆನ್ನೈಯಿನ್ ಕಪ್ ಎತ್ತಿದಾಗ ಅವರು ಆ ತಂಡದವರು. 37ರ ವಯಸ್ಸಿನಲ್ಲಿ, 2019ರಲ್ಲಿ, ಮತ್ತೆ ಬ್ಲಾಸ್ಟರ್ಸ್ ಕರೆಯಿತು.

ಹಾಗಾದರೆ ಉಪ್ಪನಿಗೆ ಉತ್ತರ? ಚೆಂಡು ಅನ್ನ ಹಾಕ್ತದೆ, ಆದರೆ ಕರಾರು ಇರುವಷ್ಟು ದಿನ. ಗಾಯವಾದರೆ, ತಂಡ ಮುಚ್ಚಿದರೆ ಬೇರೆ ಆಸರೆ ಬೇಕು. ಅದಕ್ಕೇ ಬ್ಯಾಂಕು, ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ಕೆಲಸಕ್ಕೆ ಆಟಗಾರರು ಅಷ್ಟು ಬೆಲೆ ಕೊಡುವುದು. ಅಲ್ಲಿ ನಮ್ಮೂರ ಟೂರ್ನಮೆಂಟಿನ ಕಪ್‌ಗಳು ಲೆಕ್ಕಕ್ಕಿಲ್ಲ. ರಾಜ್ಯ ತಂಡದಲ್ಲೋ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲೋ ಆಡಿದ ಪ್ರಮಾಣಪತ್ರ ಬೇಕು. ಎಸೆಸೆಲ್ಸಿಗೇ ಓದು ಬಿಟ್ಟವನಿಗೆ ಅಂತರ ವಿಶ್ವವಿದ್ಯಾಲಯದ ದಾರಿ ಅಲ್ಲಿಗೇ ಮುಚ್ಚುತ್ತದೆ.

ಆದ್ದರಿಂದ ಹುಡುಗನ ಬೂಟು ಅಟ್ಟಕ್ಕೆ ಎಸೆಯುವ ಮೊದಲು ಒಮ್ಮೆ ಶಾಲೆಯ ಪಿ.ಟಿ. ಮಾಸ್ಟರನ್ನು ಕಂಡು ಬನ್ನಿ. ತಾಲೂಕು, ಜಿಲ್ಲಾ ಮಟ್ಟದ ಆಯ್ಕೆ ಯಾವಾಗ, ವಯಸ್ಸಿನ ದಾಖಲೆ ಏನು ಬೇಕು ಎಂದು ಕೇಳಿ. ಹುಡುಗರೇ, ನೀವೂ ಅಷ್ಟೇ: ಸಂಜೆ ಮೈದಾನ ತಪ್ಪಿಸಬೇಡಿ, ಬೆಳಗ್ಗೆ ಕ್ಲಾಸೂ ತಪ್ಪಿಸಬೇಡಿ. ಮಲೆನಾಡಿನ ಏರು ಹತ್ತಿಳಿದು ಬೆಳೆದ ಕಾಲುಗಳು ನಿಮ್ಮವು, ಓಟಕ್ಕೇನೂ ಕೊರತೆಯಿಲ್ಲ.