ಕಾಲುಚೀಲದ ಮೇಲಿನ ಹೆಸರು

ನೂರು ವರ್ಷ ತನ್ನೊಳಗೆ ಇಟ್ಟುಕೊಂಡಿದ್ದ ಬೂಟೊಂದನ್ನು ಹಿಮನದಿ ಹೊರಗೆ ಹಾಕಿದೆ! ಹಳೆಯ ಕಾಲದ ಚರ್ಮದ ಬೂಟು. ಜಾರದಿರಲೆಂದು ಅಟ್ಟೆಗೆ ಬಡಿದ ಮೊಳೆಗಳು ಇನ್ನೂ ಇವೆ. ಒಳಗೊಂದು ಪಾದ. ಪಾದಕ್ಕೆ ಕಾಲುಚೀಲ. ಕಾಲುಚೀಲಕ್ಕೆ ಹೊಲಿದ ಬೆರಳಗಲದ ಪಟ್ಟಿಯ ಮೇಲೆ ಕೆಂಪು ದಾರದ ಅಕ್ಷರಗಳು: ಎ.ಸಿ. ಇರ್ವಿನ್.

ಅದು 2024ರ ಸೆಪ್ಟೆಂಬರ್. ಎವರೆಸ್ಟ್‌ನ ಉತ್ತರ ಮುಖದ ಕೆಳಗೆ, ಟಿಬೆಟ್ ಕಡೆಯ ಸೆಂಟ್ರಲ್ ರಾಂಗ್‌ಬುಕ್ ಹಿಮನದಿಯ ಮೇಲೆ ಜಿಮ್ಮಿ ಚಿನ್ ಅವರ ನ್ಯಾಷನಲ್ ಜಿಯಾಗ್ರಫಿಕ್ ತಂಡ ನಡೆದು ಹೋಗುತ್ತಿತ್ತು. ಕೆಲವೇ ದಿನ ಮುಂಚೆ ಅಲ್ಲಿ ಅವರಿಗೆ 1933ರ ಇಸವಿ ಹೊತ್ತ ಆಕ್ಸಿಜನ್ ಸಿಲಿಂಡರ್ ಸಿಕ್ಕಿತ್ತು. 1933ರದ್ದು ಮೇಲಿನಿಂದ ಉರುಳಿ ಇಲ್ಲಿಗೆ ಬಂದಿದೆ ಎಂದಾದರೆ ಇರ್ವಿನ್ ಮರೆಯಾದ 1924ರದ್ದು ಯಾಕೆ ಬಂದಿರಬಾರದು? ಆ ತರ್ಕ ಹಿಡಿದು ಹುಡುಕಿದವರ ಕಣ್ಣಿಗೆ ಬಿದ್ದದ್ದೇ ಈ ಬೂಟು.

ಪರ್ವತಗಳಲ್ಲಿ ಮರೆಯಾದವರ ಕಥೆಗಳಲ್ಲಿ ಇದಕ್ಕಿಂತ ದೊಡ್ಡ ಒಗಟು ಇಲ್ಲ. 1924ರ ಜೂನ್ 8ರ ಬೆಳಗ್ಗೆ ಇಬ್ಬರು ಬ್ರಿಟಿಷರು ಕೊನೆಯ ಡೇರೆಯಿಂದ ತುದಿಯತ್ತ ಹೊರಟರು. ಜಾರ್ಜ್ ಮ್ಯಾಲರಿಗೆ 37 ವರ್ಷ. ಎವರೆಸ್ಟ್‌ಗೆ ಅದು ಅವರ ಮೂರನೆಯ ಯಾತ್ರೆ. ಜೊತೆಗಾರ ಆಂಡ್ರ್ಯೂ ಇರ್ವಿನ್‌ಗೆ ಇನ್ನೂ 22. ಆಕ್ಸ್‌ಫರ್ಡಿನ ವಿದ್ಯಾರ್ಥಿ, ದೋಣಿ ಪಂದ್ಯದ ಹುಡುಗ, ಆಕ್ಸಿಜನ್ ಯಂತ್ರದ ರಿಪೇರಿಯಲ್ಲಿ ನಿಸ್ಸೀಮ. ಮಧ್ಯಾಹ್ನ 12.50ಕ್ಕೆ, ಹಿಂದಿನಿಂದ ಏರುತ್ತಿದ್ದ ಭೂವಿಜ್ಞಾನಿ ನೋಯೆಲ್ ಓಡೆಲ್ ಎದುರು ಮೋಡ ಕ್ಷಣಕಾಲ ಸರಿಯಿತು. ಶಿಖರದ ಏಣಿನ ಮೇಲೆ ಎರಡು ಕಪ್ಪು ಚುಕ್ಕೆಗಳು, ಮೇಲಕ್ಕೆ ಸಾಗುತ್ತಿವೆ! ಮತ್ತೆ ಮೋಡ ಮುಚ್ಚಿತು. ಅಷ್ಟೇ. ಆಮೇಲೆ ಅವರನ್ನು ಜೀವಂತ ಕಂಡವರಿಲ್ಲ.

ತೇನ್‌ಸಿಂಗ್ ಮತ್ತು ಹಿಲರಿ ತುದಿ ಮುಟ್ಟಿದ್ದು 1953ರಲ್ಲಿ. ಅದಕ್ಕೂ 29 ವರ್ಷ ಮೊದಲೇ ಈ ಇಬ್ಬರು ಅಲ್ಲಿ ನಿಂತಿದ್ದರೇ?

ಉತ್ತರ ಯಾರಿಗೂ ಗೊತ್ತಿಲ್ಲ. ಆದರೆ ಪರ್ವತ ಬಾಯಿ ಕಟ್ಟಿಕೊಂಡು ಕೂತಿಲ್ಲ ಎಂಬುದೇ ಇಲ್ಲಿನ ಸೋಜಿಗ. 1933ರಲ್ಲಿ ಅದು ಸುಮಾರು 8,460 ಮೀಟರ್ ಎತ್ತರದಲ್ಲಿ ಒಂದು ಹಿಮಗೊಡಲಿಯನ್ನು ತೋರಿಸಿತು. ಹಿಡಿಯ ಮೇಲಿನ ಗೀರುಗಳಿಂದ ಅದು ಇರ್ವಿನ್‌ನದೆಂದು ಗುರುತಿಸಿದರು. 1975ರಲ್ಲಿ ವಾಂಗ್ ಹೊಂಗ್‌ಬಾವೊ ಎಂಬ ಚೀನೀ ಪರ್ವತಾರೋಹಿಗೆ ಶಿಬಿರದ ಹತ್ತಿರವೇ ಹಳೆಯ ಶವವೊಂದು ಕಂಡಿತು. 1979ರಲ್ಲಿ ಆತ ಜಪಾನಿ ಜೊತೆಗಾರನೊಬ್ಬನಿಗೆ ಈ ಸಂಗತಿ ಹೇಳಿದ. ಮರುದಿನವೇ ಹಿಮಪಾತಕ್ಕೆ ಸಿಕ್ಕಿ ಸತ್ತ!

ಆ ಒಂದೆರಡು ಮಾತನ್ನೇ ಹಿಡಿದುಕೊಂಡ ಜರ್ಮನಿಯ ಯೋಹೆನ್ ಹೆಮ್ಲೆಬ್, ಹಳೆಯ ಫೋಟೋಗಳನ್ನು ಒಂದಕ್ಕೊಂದು ತಾಳೆ ಹಾಕಿ ಚೀನೀ ಶಿಬಿರ ಇದ್ದ ಜಾಗವನ್ನು ಲೆಕ್ಕ ಹಾಕಿ ತೆಗೆದ. 1999ರ ಮೇ 1ರಂದು ಆ ಇಳಿಜಾರಿನಲ್ಲಿ ಶೋಧ ತಂಡದ ಕಾನ್ರಡ್ ಆಂಕರ್‌ಗೆ ಕಲ್ಲುಗಳ ನಡುವೆ ಏನೋ ಬಿಳುಪು ಕಂಡಿತು. ಹತ್ತಿರ ಹೋದರೆ ಬೋರಲು ಬಿದ್ದ ದೇಹ, ಅಮೃತಶಿಲೆಯಂತೆ ಬೆಳ್ಳಗಿನ ಬೆನ್ನು. ಚಾಚಿದ ಕೈಗಳ ಬೆರಳುಗಳು ಜಲ್ಲಿಯನ್ನು ಕಚ್ಚಿ ಹಿಡಿದಿದ್ದವು. ಇರ್ವಿನ್ ಸಿಕ್ಕಿದ ಎಂದೇ ಎಲ್ಲರ ನಂಬಿಕೆ. ತಂಡದವನೊಬ್ಬ ಕಲ್ಲಿನ ಮೇಲೆ ಇರ್ವಿನ್ ಹೆಸರನ್ನು ಕೊರೆಯಲೂ ತೊಡಗಿದ್ದ. ಅಷ್ಟರಲ್ಲಿ ಅಂಗಿಯ ಕೊರಳಪಟ್ಟಿ ಮಗುಚಿ ನೋಡಿದರೆ, ಜಿ. ಮ್ಯಾಲರಿ!

ಶವದ ಜೇಬುಗಳು ಮಾತಾಡಿದವು. ಕರವಸ್ತ್ರದಲ್ಲಿ ಸುತ್ತಿಟ್ಟ ಕಾಗದಗಳು ಹಾಳಾಗದೆ ಉಳಿದಿದ್ದವು. ಸೊಂಟದಲ್ಲಿ ಹಗ್ಗ ಬಿಗಿದ ಗಾಯ. ಅಂದರೆ ಬೀಳುವಾಗ ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದಿರಬೇಕು. ಕಪ್ಪು ಕನ್ನಡಕ ಕಣ್ಣಿನ ಮೇಲಿರಲಿಲ್ಲ, ಜೇಬಿನಲ್ಲಿತ್ತು. ಅಂದರೆ ಬಿಸಿಲು ಇಳಿದ ಮೇಲೆ ವಾಪಸು ಬರುತ್ತಿದ್ದರೇ? ಎಲ್ಲಕ್ಕಿಂತ ರೋಮಾಂಚಕ ಸುಳಿವು, ಇಲ್ಲದ ವಸ್ತುವಿನದು. ಹೆಂಡತಿ ರೂತ್‌ಳ ಫೋಟೋವನ್ನು ತುದಿಯಲ್ಲಿ ಇಟ್ಟು ಬರುತ್ತೇನೆಂದು ಮ್ಯಾಲರಿ ಹೇಳಿದ್ದರು. ಜೇಬಿನಲ್ಲಿ ಆ ಫೋಟೋ ಇರಲಿಲ್ಲ!

ತುದಿ ಮುಟ್ಟಿದ್ದರು ಎನ್ನಲು ಇಷ್ಟು ಸಾಲದು ಎನ್ನುವವರಿದ್ದಾರೆ. ದಾರಿಯಲ್ಲಿ ‘ಸೆಕೆಂಡ್ ಸ್ಟೆಪ್’ ಎಂಬ ಕಡಿದಾದ ಬಂಡೆಗೋಡೆ ಇದೆ. 1975ರಲ್ಲಿ ಚೀನೀಯರು ಅಲ್ಲಿ ಏಣಿಯನ್ನೇ ಕಟ್ಟಬೇಕಾಯಿತು. ಮೊಳೆ ಬೂಟಿನ ಇಬ್ಬರು ಅದನ್ನು ಹತ್ತಲು ಸಾಧ್ಯವಿತ್ತೇ? ಶವವನ್ನು ಕಂಡ ಅದೇ ಆಂಕರ್ 2007ರಲ್ಲಿ ಮತ್ತೆ ಬಂದು, ಏಣಿಯ ಆಸರೆಯಿಲ್ಲದೆ ಆ ಗೋಡೆಯನ್ನು ಏರಿ ತೋರಿಸಿದರು. ಕಷ್ಟ, ಆದರೆ ಅಸಾಧ್ಯವಲ್ಲ.

ಇರ್ವಿನ್‌ನ ಪಾದವಾದರೋ ಮ್ಯಾಲರಿ ಬಿದ್ದಿದ್ದ ಜಾಗಕ್ಕಿಂತ ಎಷ್ಟೋ ಕೆಳಗೆ ಸಿಕ್ಕಿತು. ಹಿಮನದಿ ನಿಂತ ಬರ್ಫವಲ್ಲ, ಅದು ನಿಧಾನವಾಗಿ ಹರಿಯುತ್ತದೆ. ಮೇಲೆ ಬಿದ್ದ ಹಿಮ ಪದರ ಪದರವಾಗಿ ಅದುಮಿಕೊಂಡು ಗಟ್ಟಿಯಾಗುತ್ತದೆ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಕೆಳಗೆ ಕರಗುವಾಗ ಒಳಗಿದ್ದುದನ್ನು ಮೇಲಕ್ಕೆ ಬಿಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1942ರ ಆಗಸ್ಟ್ 15ರಂದು ದನಗಳನ್ನು ನೋಡಿಕೊಂಡು ಬರುತ್ತೇವೆಂದು ಹುಲ್ಲುಗಾವಲಿಗೆ ಹೋದ ದಂಪತಿ ಮರಳಿರಲಿಲ್ಲ. ಮನೆಯಲ್ಲಿ ಏಳು ಮಕ್ಕಳು. 2017ರ ಜುಲೈನಲ್ಲಿ ಸಾನ್‌ಫ್ಲುರಾನ್ ಹಿಮನದಿ ಇಬ್ಬರನ್ನೂ ಅಕ್ಕಪಕ್ಕದಲ್ಲೇ ಹಿಂತಿರುಗಿಸಿತು. ಎಪ್ಪತ್ತೈದು ವರ್ಷ ಕಾದ ಮಕ್ಕಳಿಗೆ ಕೊನೆಗೂ ಅಂತ್ಯಕ್ರಿಯೆ ಮಾಡುವುದಾಯಿತು.

ಹಾಗಾದರೆ ಎವರೆಸ್ಟ್ ಇನ್ನೂ ಏನನ್ನು ಬಚ್ಚಿಟ್ಟಿದೆ? ಒಂದು ಕ್ಯಾಮೆರಾ! ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕೊಡಕ್. ಅದನ್ನು ಮ್ಯಾಲರಿಗೆ ಕೊಟ್ಟವರು ಅದೇ ಯಾತ್ರೆಯ ಜೊತೆಗಾರ ಹೊವಾರ್ಡ್ ಸಾಮರ್ವೆಲ್; ನಮ್ಮ ದಕ್ಷಿಣದ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ದಶಕಗಟ್ಟಲೆ ರೋಗಿಗಳನ್ನು ನೋಡಿದ ವೈದ್ಯರು ಅವರೇ. ಮ್ಯಾಲರಿಯ ಮೈಮೇಲೆ ಕ್ಯಾಮೆರಾ ಸಿಗಲಿಲ್ಲ. ಇರ್ವಿನ್‌ನ ಬಳಿ ಇದ್ದಿರಬಹುದೇ? ಅದು ಚಳಿಯಲ್ಲೇ ಉಳಿದಿದ್ದರೆ ಫಿಲ್ಮಿನಿಂದ ಚಿತ್ರ ತೆಗೆಯಬಹುದು ಎನ್ನುತ್ತಾರೆ ಕೊಡಕ್ ಕಂಪನಿಯ ತಜ್ಞರು. ಆದರೆ ‘ಚಳಿಯಲ್ಲೇ ಉಳಿದಿದ್ದರೆ’ ಎಂಬ ಮಾತಿನಲ್ಲೇ ಇರುವುದು ಇಕ್ಕಟ್ಟು. ಬರ್ಫ ಕರಗದಿದ್ದರೆ ಕ್ಯಾಮೆರಾ ಕಾಣಿಸಿಕೊಳ್ಳದು. ಕರಗಿ ಬಿಸಿಲಿಗೆ ಬಿದ್ದರೆ ಫಿಲ್ಮ್ ಉಳಿಯದು. ಬೂಟಿನಂತೆ ಅದೂ ಹೊರಬಿದ್ದ ಕೆಲವೇ ದಿನಗಳಲ್ಲಿ ಯಾರಾದರೂ ಆ ದಾರಿಯಲ್ಲಿ ನಡೆಯುತ್ತಿರಬೇಕು. ಎವರೆಸ್ಟ್‌ನ ಚರಿತ್ರೆಯನ್ನೇ ತಿದ್ದಿ ಬರೆಯಿಸಬಲ್ಲ ಆ ಚಿತ್ರ ಇದೆಯೋ ಇಲ್ಲವೋ ಎಂಬುದು ಈಗ ಅಷ್ಟು ಸಣ್ಣ ಅವಕಾಶದ ಮೇಲೆ ನಿಂತಿದೆ.